ಎಂಟು ಗಂಟೆಯ ಮದ್ದು

ಕೋಲಾರ
9 ಜನವರಿ 1999

ಯಲ್ದೂರಿನ ಅಶ್ವತ್ಥಮ್ಮನವರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಆಸ್ಪತ್ರೆಯಲ್ಲಿ ನಿಮ್ಮ ಗರ್ಭಕೋಶದ ಆಪರೇಷನ್ ಆಯಿತಲ್ಲ, ಆಗ ನಿಮ್ಮ ಬೆನ್ನಿಗೆ ದಾರದಷ್ಟು ಸಣ್ಣ ಟ್ಯೂಬು ಹಾಕಿದವಳು ನಾನು. ಹೆಸರು ಸೌಪರ್ಣಿಕಾ, ಅರಿವಳಿಕೆ ವಿಭಾಗದ ವಿದ್ಯಾರ್ಥಿನಿ. ಆಪರೇಷನ್ ಆಗಿ ತಿಂಗಳಾದ ಮೇಲೆ ಪ್ರತಿಯೊಬ್ಬರಿಗೂ ಹೀಗೊಂದು ಪತ್ರ ಬರೆಯಬೇಕು, ಅದು ನನ್ನ ಥೀಸಿಸ್ಸಿನ ಕ್ರಮ. ಐದು ಪ್ರಶ್ನೆಗಳಿರುವ ಹಾಳೆ ಇಟ್ಟಿದ್ದೇನೆ. ಸ್ಟಾಂಪು ಹಚ್ಚಿದ ಕವರೂ ಇದೆ.

ಅಂದು ಹಾಸಿಗೆಯ ಬಳಿ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಒಟ್ಟು ಅರವತ್ತು ಹೆಂಗಸರು. ಅರ್ಧ ಜನಕ್ಕೆ ಒಂದು ಮಿಶ್ರಣ, ಉಳಿದವರಿಗೆ ಇನ್ನೊಂದು, ಯಾವುದು ಹೆಚ್ಚು ಹೊತ್ತು ನೋವು ತಡೆಯುತ್ತದೆಂದು ನೋಡುವುದಕ್ಕೆ. ಮರಗಟ್ಟಿಸುವ ಔಷಧಿ ಎರಡರಲ್ಲೂ ಒಂದೇ. ಅದರ ಜೊತೆ ಬೆರೆಸಿದ ನೋವಿನ ಮದ್ದು ಮಾತ್ರ ಬೇರೆ: ಒಂದರಲ್ಲಿ ಫೆಂಟನಿಲ್ ಇದೆ, ಇನ್ನೊಂದರಲ್ಲಿ ಬ್ಯುಟಾರ್ಫನಾಲ್. ಸಿರಿಂಜಿನ ಮೇಲೆ ನಂಬರು ಮಾತ್ರ ಇರುವುದರಿಂದ ಯಾರಿಗೆ ಯಾವುದು ಹೋಯಿತೆಂದು ನನಗೂ ಗೊತ್ತಿಲ್ಲ. ನೋವು ಮರಳಿತು ಎಂದು ನೀವು ಬಾಯಿಬಿಟ್ಟು ಹೇಳಿದ ಗಳಿಗೆಯನ್ನೇ ನಾನು ಬರೆದುಕೊಳ್ಳುವುದು. ನೀವು ಹೇಳಿದ್ದು ಔಷಧಿ ಕೊಟ್ಟು ಸರಿಯಾಗಿ ಎಂಟು ಗಂಟೆ ಕಳೆದ ಮೇಲೆ. ಆವತ್ತು ಅದನ್ನು ಬರೆದುಕೊಂಡಾಗ ನನಗೆ ಎಷ್ಟು ನಿರಾಳವಾಯಿತೆಂದು ಹೇಳಲಾರೆ.

ಗಾಯ, ಬೆನ್ನು, ಕಾಲು ಹೇಗಿವೆ, ದಯವಿಟ್ಟು ತಿಳಿಸಿ.

ಇಂತಿ,
ಡಾ. ಸೌಪರ್ಣಿಕಾ

*

ಯಲ್ದೂರು
24 ಜನವರಿ 1999

ಡಾಕ್ಟರಮ್ಮನವರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರಗಳು.

ಅಂಚೆಯವನು ಆಸ್ಪತ್ರೆ ಕಾಗದ ಎಂದದ್ದೇ ತಡ, ನಮ್ಮ ಯಜಮಾನರು ಕೋದಂಡರಾಮಪ್ಪನವರು ನಿಂತಲ್ಲೇ ಬೆವತುಹೋದರು. ಒಳಗೆ ಕತ್ತರಿ ಏನಾದರೂ ಬಿಟ್ಟಿದ್ದಾರೋ ಏನೋ ಅಂತ ಅವರ ಯೋಚನೆ. ನಾನೇ ಒಡೆದು ಓದಿದೆ. ಏಳನೇ ಕ್ಲಾಸು ಪಾಸಾದವಳು ನಾನು, ಕಾಗದ ಓದುವುದಕ್ಕೂ ಬರೆಯುವುದಕ್ಕೂ ಯಾರ ಹಂಗೂ ಇಲ್ಲ.

ಗಾಯ ಮಾಗಿದೆ. ಬೆನ್ನು ಚೆನ್ನಾಗಿದೆ. ಕಾಲು ಜೋಮು ಹಿಡಿಯುವುದಿಲ್ಲ. ಚಿಕಿತ್ಸೆ ತೃಪ್ತಿಯಾಯಿತೇ ಎಂಬ ಕಡೆ ಹೌದು ಅಂತ ದೊಡ್ಡದಾಗಿ ಬರೆದಿದ್ದೇನೆ, ಕಾಣದೇ ಹೋದೀತು ಅಂತ ಎರಡು ಸಲ ತಿದ್ದಿದ್ದೇನೆ.

ಆ ದೊಡ್ಡ ಡಾಕ್ಟರು, ಮುಕುಂದ್ ಸಾಹೇಬರು, ನನ್ನ ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಎಲ್ಲರೆದುರು ನಿಮ್ಮನ್ನು ಬೈದರು. ನೀವು ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತಿರಿ. ಹೆಂಗಸರ ಕಣ್ಣಿಗೆ ಇಂಥದ್ದೆಲ್ಲ ಮರೆಯಾಗುವುದಿಲ್ಲ. ನನ್ನ ಮಗಳು ಪವಿತ್ರಾಳಿಗೂ ನಿಮಗೂ ಏಳೆಂಟು ವರ್ಷ ಅಂತರವಿದ್ದೀತು, ಅಷ್ಟೇ. ನನಗೆ ತಡೆಯಲಾಗಲಿಲ್ಲ. ನೀವು ಪಾಸಾಗುತ್ತೀರಿ, ಹೆದರಬೇಡಿ. ನಮ್ಮ ವಾರ್ಡಿನವರೆಲ್ಲ ಅದಕ್ಕೆ ಬೇಕಾದ್ದು ಮಾಡಿದ್ದೇವೆ. ದೇವರಿಗೆ ಹರಕೆ ಹೊತ್ತಿದ್ದೇವೆ ಅಂತ ಹೇಳಿದೆ.

ಬಸ್ಸಿನಲ್ಲಿ ಬರುವವರ ಕೈಲಿ ಅವರೆಕಾಯಿ ಕಳಿಸಿದ್ದೇನೆ. ಸೊಗಡಿದೆ, ಇವತ್ತೇ ಸುಲಿಯಿರಿ.

ಅಶ್ವತ್ಥಮ್ಮ

*

ಕೋಲಾರ
18 ಜೂನ್ 2000

ಪ್ರಿಯ ಅಶ್ವತ್ಥಮ್ಮನವರೇ,

ನೀವು ಹೇಳಿದಂತೆಯೇ ಆಯಿತು, ಪಾಸಾದೆ. ಥೀಸಿಸ್ಸನ್ನು ನೋಡಲು ಹೊರಗಿನಿಂದ ಬಂದ ಪರೀಕ್ಷಕರು ಮೆಚ್ಚಿ ಮಾತಾಡಿದರು. ಮುಕುಂದ್ ಸರ್ ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಗೆದ್ದದ್ದು ಬ್ಯುಟಾರ್ಫನಾಲ್ ಬೆರೆಸಿದ ಮಿಶ್ರಣ. ಫೆಂಟನಿಲ್ಲಿನದು ಸರಾಸರಿ ಆರು ಗಂಟೆ ಬಂದರೆ ಇದು ಎಂಟು ಗಂಟೆ ಬಂತು. ನಿಮಗೆ ಕೊಟ್ಟದ್ದೂ ಇದೇ ಎಂದು, ಯಾವ ನಂಬರಿಗೆ ಯಾವ ಔಷಧಿ ಎಂದು ಬರೆದಿಟ್ಟಿದ್ದ ಕವರು ಒಡೆದಾಗ ತಿಳಿಯಿತು. ಈಗ ನಮ್ಮ ವಿಭಾಗದಲ್ಲಿ ಇದೇ ನಿಯಮವಾಗಿದೆ. ಎಂಟು ಗಂಟೆಗೊಮ್ಮೆ ಟ್ಯೂಬಿನಲ್ಲಿ ಔಷಧಿ ಕೊಡಬೇಕು, ನಡುವೆ ಬೇಕಾಗಿಲ್ಲ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲಿನ ನರ್ಸಿಂಗ್ ಹೋಮುಗಳವರೂ ನನ್ನ ಹಾಳೆಯನ್ನು ಟೈಪು ಮಾಡಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ. ನನ್ನ ಊರು ಮುಳಬಾಗಿಲೇ. ಅಲ್ಲಿ ನಮ್ಮ ಮನೆಯವರೆಲ್ಲ ಲೆಕ್ಕಪತ್ರ ಬರೆಯುವವರು, ನಮ್ಮ ವಂಶದಲ್ಲಿ ಸರಿಯಾಗಿ ಲೆಕ್ಕ ಇಟ್ಟ ಡಾಕ್ಟರು ನೀನೊಬ್ಬಳೇ ಎಂದು ಅಪ್ಪ ತಮಾಷೆ ಮಾಡುತ್ತಾರೆ.

ಪುಸ್ತಕದಲ್ಲಿ ರೋಗಿಗಳ ಹೆಸರು ಹಾಕುವಂತಿಲ್ಲ. ಇಪ್ಪತ್ತಮೂರನೆಯ ನಂಬರು ನೀವು.

ನಿಮ್ಮನ್ನು ಒಂದು ವಿಷಯ ಕೇಳಬೇಕೆಂದು ಬಹಳ ದಿನದಿಂದ ಇತ್ತು. ಇರಲಿ ಬಿಡಿ, ಅಂಥ ದೊಡ್ಡದೇನಲ್ಲ.

ನಿಮ್ಮ
ಸೌಪರ್ಣಿಕಾ

*

ಯಲ್ದೂರು
2 ಜುಲೈ 2000

ನಮ್ಮ ಡಾಕ್ಟರಮ್ಮನಿಗೆ,

ಕಾಗದ ಓದಿ ಮನೆಯಲ್ಲಿ ಒಬ್ಬಟ್ಟು ಮಾಡಿದೆ. ನಿಮ್ಮ ನಿಯಮ ಮೂರು ತಾಲ್ಲೂಕಿನ ಗೋಡೆ ಮೇಲಿದೆ ಎಂದು ಕೇಳಿ ಯಜಮಾನರು, "ಇಪ್ಪತ್ತಮೂರನೇ ನಂಬರ್ನೋರೆ, ಒಸಿ ಕಾಫಿ ಕೊಡಿ" ಅಂತ ನನ್ನನ್ನೇ ರೇಗಿಸುತ್ತಾರೆ. ನಾನೂ ಬಿಡುವುದಿಲ್ಲ. ಬಾವಿಕಟ್ಟೆ, ಮದುವೆಮನೆ ಎಲ್ಲ ಕಡೆ ಹೇಳಿಕೊಂಡಿದ್ದೇನೆ: ಹೊಟ್ಟೆ ಕೊಯ್ದರೂ ಎಂಟು ಗಂಟೆ ಹೊತ್ತು ಹೂವಿನ ಮೇಲೆ ಮಲಗಿದ ಹಾಗಿದ್ದೆ, ನಮ್ಮ ಡಾಕ್ಟರಮ್ಮನ ಕೈಗುಣ ಅಂಥದ್ದು ಅಂತ.

ಪವಿತ್ರಾಳ ಮದುವೆಯಾಯಿತು. ಟೇಕಲ್‌ಗೆ ಕೊಟ್ಟಿದ್ದೇವೆ. ಅಳಿಯ ವೆಂಕಟ್ ರೇಷ್ಮೆ ಹುಳು ಸಾಕುತ್ತಾನೆ, ಬಾಯಿ ಕಮ್ಮಿ, ಕೆಲಸ ಜಾಸ್ತಿ.

ಏನೋ ಕೇಳಬೇಕು ಅಂತ ಬರೆದು, ಆಮೇಲೆ ಇರಲಿ ಬಿಡಿ ಅಂದಿದ್ದೀರಿ. ಕೇಳಬಹುದಿತ್ತು. ನನಗೂ ಹೇಳುವುದೊಂದಿತ್ತು, ಪಾಸಾದ ಮೇಲೆ ಇನ್ನೇಕೆ ಅಂತ ನಾನೂ ಬಿಟ್ಟೆ. ಕಳಿಸಿರುವ ಮಾವಿನ ಬುಟ್ಟಿಯಲ್ಲಿ ಬೇನಿಷಾ ಮೇಲಿದೆ, ರಸಪುರಿ ಕೆಳಗಿದೆ. ರಸಪುರಿ ಮೊದಲು ತಿನ್ನಿ, ನಿಲ್ಲುವುದಿಲ್ಲ.

ಅಶ್ವತ್ಥಮ್ಮ

*

ಯಲ್ದೂರು
11 ಮಾರ್ಚ್ 2004

ಡಾಕ್ಟರಮ್ಮನವರಿಗೆ ನಮಸ್ಕಾರ.

ಕಾಗದ ಬರೆದು ವರ್ಷವಾಯಿತು, ಬೈದುಕೊಳ್ಳಬೇಡಿ. ನೀವು ಈಗ ನಿಮ್ಮೂರು ಮುಳಬಾಗಿಲಿನಲ್ಲೇ ಕೆಲಸಕ್ಕಿದ್ದೀರಿ ಎಂದು ತಿಳಿದು ಅಲ್ಲಿಗೆ ಬರೆಯುತ್ತಿದ್ದೇನೆ.

ಪವಿತ್ರಾಳಿಗೆ ಎರಡೂ ಮೂತ್ರಪಿಂಡದಲ್ಲಿ ಕಲ್ಲು. ನಮ್ಮ ಕಡೆ ನೀರೇ ಹಾಗೆ. ಎಡಗಡೆಯದು ದೊಡ್ಡದು, ಅದನ್ನು ಮೊದಲು ಮಾಲೂರಿನ ನರ್ಸಿಂಗ್ ಹೋಮಿನಲ್ಲಿ ಈ ತಿಂಗಳ ಇಪ್ಪತ್ತೆರಡಕ್ಕೆ ತೆಗೆಯುತ್ತಾರಂತೆ. ಬಲಗಡೆಯದು ಆರು ತಿಂಗಳು ಬಿಟ್ಟು. ಪಕ್ಕೆ ಕೊಯ್ಯುತ್ತಾರೆ ಅಂದಿದ್ದಕ್ಕೆ ಹುಡುಗಿ ಹೆದರಿಲ್ಲ. "ನಮ್ಮಮ್ಮಂಗೆ ಹಾಕಿದ್ ಮದ್ದೇ ನಂಗೂ ಹಾಕ್ತಾರೆ, ಎಂಟ್ ಗಂಟೆ ನೋವಿರಲ್ಲ" ಅಂತ ಗಂಡನಿಗೆ ಅವಳೇ ಧೈರ್ಯ ಹೇಳಿದಳು.

ಆ ದಿನ ನೀವು ಬರಲಿಕ್ಕಾಗುತ್ತದೆಯೇ? ಆ ಮದ್ದು ಎಲ್ಲರಿಗೂ ಎಂಟು ಗಂಟೆ ಬರುತ್ತದೆಯೇ? ಸುಮ್ಮನೆ ಕೇಳಿದೆ.

ಅಶ್ವತ್ಥಮ್ಮ

*

ಮುಳಬಾಗಿಲು
16 ಮಾರ್ಚ್ 2004

ಪ್ರಿಯ ಅಶ್ವತ್ಥಮ್ಮನವರೇ,

ಅವಸರದಲ್ಲಿ ಈ ಕಾರ್ಡು. ಆ ವಾರ ಇಲ್ಲಿ ಅರಿವಳಿಕೆಗೆ ನಾನೊಬ್ಬಳೇ, ಬರಲಾಗುವುದಿಲ್ಲ. ಚಿಂತೆಯೇ ಬೇಡ, ಮಾಲೂರಿನವರು ನನ್ನ ಹಾಳೆಯಲ್ಲಿದ್ದಂತೆಯೇ ಮಾಡುತ್ತಾರೆ. ಎಂಟು ಗಂಟೆ ಖಂಡಿತ ಬರುತ್ತದೆ. ನಡುವೆ ಸ್ವಲ್ಪ ಏನಾದರೂ ಅನ್ನಿಸಿದರೆ ಅದು ಹೆದರಿಕೆ, ಅಷ್ಟೇ. ನೀವು ಪಕ್ಕದಲ್ಲಿದ್ದರೆ ಸಾಕು, ನಿಮಗಿಂತ ದೊಡ್ಡ ಸಾಕ್ಷಿ ಅವಳಿಗೆ ಯಾರಿದ್ದಾರೆ?

ಸೌಪರ್ಣಿಕಾ

*

ಮುಳಬಾಗಿಲು
30 ಏಪ್ರಿಲ್ 2004

ಪ್ರಿಯ ಅಶ್ವತ್ಥಮ್ಮನವರೇ,

ಪವಿತ್ರಾಳ ಸುದ್ದಿ ಬರುತ್ತದೆಂದು ಕಾದೆ. ಬರಲಿಲ್ಲವೆಂದರೆ ಎಲ್ಲ ಸಲೀಸಾಗಿದೆ, ಈಗ ತೋಟದ ಕೆಲಸದಲ್ಲಿ ಮುಳುಗಿದ್ದೀರಿ ಎಂದು ನನ್ನ ಊಹೆ. ಈ ಸಲ ಬುಟ್ಟಿಯಲ್ಲಿ ರಸಪುರಿ ಮೇಲಿಡಿ, ಹೋದ ಸಲ ಅರ್ಧ ಜಜ್ಜಿಹೋಗಿತ್ತು.

ಸೌಪರ್ಣಿಕಾ

*

ಟೇಕಲ್
14 ಜೂನ್ 2004

ಡಾಕ್ಟರಮ್ಮ,

ಮಗಳ ಮನೆಯಿಂದ ಬರೆಯುತ್ತಿದ್ದೇನೆ. ಮಾವಿನಹಣ್ಣು ಈ ವರ್ಷ ಯಾರಿಗೂ ಕಳಿಸಿಲ್ಲ.

ಮಾಲೂರಿನಲ್ಲಿ ಆಪರೇಷನ್ ಬೆಳಿಗ್ಗೆ ಮುಗಿಯಿತು. ಹನ್ನೊಂದಕ್ಕೆ ಟ್ಯೂಬಿನಲ್ಲಿ ಮದ್ದು ಕೊಟ್ಟರು. ಮಧ್ಯಾಹ್ನ ನಾಲ್ಕರ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ಉಸಿರು ಮೇಲೆ ಮೇಲೆ ಎಳೆಯುತ್ತಿದ್ದಳು. "ಸಿಸ್ಟರ್, ನೋಯ್ತಿದೆ" ಅಂದಳು. ಸಿಸ್ಟರು ಗೋಡೆಯ ಹಾಳೆ ತೋರಿಸಿದರು. "ಏಳು ಗಂಟೆವರ್ಗೂ ಇರುತ್ತಮ್ಮ. ಕೋಲಾರದಲ್ಲಿ ಟೆಸ್ಟ್ ಮಾಡೇ ಬರ್ದಿರೋದು, ಸುಮ್ನೆ ಭಯ ಪಡ್ತಿದ್ದೀರ" ಅಂದರು.

ಪವಿತ್ರ ನನ್ನ ಕಡೆ ತಿರುಗಿ, "ಅಮ್ಮ, ನಿಂಗೆ ಎಂಟು ಗಂಟೆ ಏನೂ ಆಗ್ಲಿಲ್ಲ ಅಲ್ವಾ? ನಂಗ್ಯಾಕೆ ಹಿಂಗೆ?" ಅಂತ ಕೇಳಿದಳು.

ಆವಾಗ ಹೇಳಬೇಕಾಗಿತ್ತು. ಹೇಳಲಿಲ್ಲ. "ಓರ್ಚುಕೋ ತಲ್ಲಿ, ತಡ್ಕೋ" ಅಂದೆ. ಅವಳು ನನ್ನ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ಏಳು ಗಂಟೆಯವರೆಗೂ ಗೋಡೆ ನೋಡುತ್ತ ಮಲಗಿದಳು. ನಾಲ್ಕು ದಿನ, ಪ್ರತಿ ಸಲವೂ ಹಾಗೇ. ನೋವಿಗೆ ಕೆಮ್ಮಲಿಲ್ಲ, ಉಸಿರು ತುಂಬ ಎಳೆದುಕೊಳ್ಳಲಿಲ್ಲ. ಐದನೇ ದಿನ ಕಫ ಕಟ್ಟಿ ಜ್ವರ ಬಂತು, ನ್ಯುಮೋನಿಯಾ ಅಂದರು. ಕೋಲಾರಕ್ಕೆ ಸಾಗಿಸಿದೆವು. ಮೂರು ವಾರ ಆಮ್ಲಜನಕ, ಇಂಜೆಕ್ಷನ್ನು. ಬದುಕಿದಳು. ಬಲಗಡೆಯ ಕಲ್ಲು ಹಾಗೇ ಇದೆ. ಆ ಮೂತ್ರಪಿಂಡ ಸತ್ತರೂ ಸರಿ, ಇನ್ನೊಂದು ಸಲ ಆ ಮಂಚ ಹತ್ತುವುದಿಲ್ಲ ಅನ್ನುತ್ತಾಳೆ.

ಈಗ ನನ್ನದು ಕೇಳಿ. ನನಗೆ ಎಂಟು ಗಂಟೆ ಬರಲಿಲ್ಲ. ಐದನೆಯ ಗಂಟೆ ತುಂಬುವ ಮೊದಲೇ ನೋವು ಶುರುವಾಯಿತು. ಮೂರು ಗಂಟೆ ತಡೆದುಕೊಂಡು ಸುಳ್ಳು ಹೇಳಿದೆ.

ನೀವು ಅತ್ತ ದಿನ ವಾರ್ಡಿನ ಆಯಾ ದೊಡ್ಡಗಂಗಮ್ಮ ಹೇಳಿದಳು: ದೊಡ್ಡ ಡಾಕ್ಟರು ಬೈದದ್ದು ಯಾಕೆ ಗೊತ್ತಾ, ಮದ್ದು ಕೊಟ್ಟ ನಾಲ್ಕನೇ ಗಂಟೆಗೇ ನೋವು ಅಂತ ಕೆಲವರು ಹೇಳಿದ್ದರಿಂದ. ಎಂಟು ಗಂಟೆ ಬಂದರೆ ಆ ಹುಡುಗಿ ಪಾಸು, ಇಲ್ಲದಿದ್ದರೆ ಫೇಲು. "ನೊಪ್ಪಿ ಲೇದು ಅನಂಡಿ, ಅಂತೇ. ನೋವಿಲ್ಲ ಅಂದ್ಬಿಡಿ. ನಿಮ್ ಗಂಟೇನ್ ಹೋಗುತ್ತೆ?" ಅಂದಳು. ನಾನು ಅದನ್ನು ಅವಳಿಗಿಂತ ಜೋರಾಗಿ ಹಿಡಿದುಕೊಂಡೆ. ಹೆರಿಗೆಯಲ್ಲೇ ಕೂಗದವರು ನಾವು, ಮೂರು ಗಂಟೆ ಯಾವ ಲೆಕ್ಕ ಅಂತ ಪಕ್ಕದ ಹಾಸಿಗೆಯವರಿಗೆಲ್ಲ ಹೇಳಿ ಒಪ್ಪಿಸಿದೆ. ಹೊಸಬರು ಬಂದಾಗ ಇದ್ದವರು ಅವರಿಗೆ ಹೇಳಿಕೊಟ್ಟರು. ಹೀಗೆ ಅದು ಎಷ್ಟು ದಿನ ನಡೆಯಿತೋ ನನಗೆ ಗೊತ್ತಿಲ್ಲ.

ನಿಮ್ಮನ್ನು ಪಾಸು ಮಾಡಿಸಿದೆವು ಅಂತ ಐದು ವರ್ಷ ಒಳಗೊಳಗೇ ಮೆರೆದೆ. ಮಾಲೂರಿನಲ್ಲಿ ಬಾಯಿ ಬಿಟ್ಟರೆ ಸಿಸ್ಟರ ಮುಂದೆ ನಿಮ್ಮ ಮರ್ಯಾದೆ ಹೋಗುತ್ತದೆ ಅನ್ನಿಸಿತು. ನನ್ನದೂ ಹೋಗುತ್ತಿತ್ತು, ಅದನ್ನೂ ಬರೆದುಬಿಡುತ್ತೇನೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವಳು ನನ್ನ ಮಗಳು.

ನೆನ್ನೆ ಪವಿತ್ರಾಳಿಗೆ ಎಲ್ಲ ಹೇಳಿದೆ. ಆವಾಗಿನಿಂದ ನನ್ನ ಜೊತೆ ಮಾತಿಲ್ಲ.

ಅಶ್ವತ್ಥಮ್ಮ

*

ಮುಳಬಾಗಿಲು
25 ಜೂನ್ 2004

ಅಶ್ವತ್ಥಮ್ಮನವರೇ,

ನಾಲ್ಕು ಸಲ ಬರೆದು ಹರಿದೆ. ನಿಮ್ಮನ್ನು ನಾನು ಕೇಳದೆ ಬಿಟ್ಟ ವಿಷಯ ಇದು: ಆ ದಿನ ನಿಮ್ಮ ಟವೆಲ್ಲಿನ ತುದಿ ಯಾಕೆ ಒದ್ದೆಯಾಗಿತ್ತು?

ಏಳನೆಯ ಗಂಟೆಗೆ ನಿಮ್ಮ ಹತ್ತಿರ ಬಂದಾಗ ನಾನು ಅದನ್ನು ನೋಡಿದ್ದೆ. ಬಟ್ಟೆಯ ಮೇಲೆ ಹಲ್ಲಿನ ಗುರುತಿತ್ತು. ಒಂದು ಕೈ ಮಂಚದ ಕಬ್ಬಿಣ ಹಿಡಿದಿತ್ತು. ನಾಡಿ ನೂರ ಹದಿನೆಂಟು ಇತ್ತು. ನೋವಿದೆಯಾ ಎಂದು ನಾನು ಕೇಳಲಿಲ್ಲ. "ನೋವಿಲ್ಲ ತಾನೇ?" ಎಂದು ಕೇಳಿದೆ. ನೀವು ಇಲ್ಲವೆಂದಿರಿ. ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದೆ. ಅಲ್ಲಿಯೂ ಹಾಗೆಯೇ ಕೇಳಿದೆ. ಆ ನೂರ ಹದಿನೆಂಟು ಈಗಲೂ ಥೀಸಿಸ್ಸಿನ ಹಿಂದಿನ ಪಟ್ಟಿಯಲ್ಲಿ, ಇಪ್ಪತ್ತಮೂರನೆಯ ಸಾಲಿನಲ್ಲಿದೆ. ನೋವಿಲ್ಲದೆ ಮಲಗಿದವರ ನಾಡಿ ಹಾಗೆ ಓಡುವುದಿಲ್ಲ. ಪರೀಕ್ಷಕರು ಗಮನಿಸಲಿಲ್ಲ. ನಾನು ಗಮನಿಸಿಯೂ ಸುಮ್ಮನಿದ್ದೆ. ನನಗೂ ಪಾಸಾಗಬೇಕಿತ್ತು.

ಬ್ಯುಟಾರ್ಫನಾಲ್ ಯಾಕೆ ಗೆದ್ದಿತೆಂದು ಈಗ ಗೊತ್ತಾಗುತ್ತದೆ. ಅದು ಮಂಪರು ತರುತ್ತದೆ. ಮಂಪರಿನಲ್ಲಿರುವವರು ಇನ್ನೆರಡು ಗಂಟೆ ಹೆಚ್ಚು ಸಹಿಸಬಲ್ಲರು. ಎರಡು ಔಷಧಿಗಳನ್ನು ಹೋಲಿಸುತ್ತಿದ್ದೇನೆಂದು ತಿಳಿದು ನಾನು ಅಳೆದದ್ದು ನಿಮ್ಮೆಲ್ಲರ ತಾಳ್ಮೆಯನ್ನು.

ನೀವು ಸುಳ್ಳು ಹೇಳಿದ್ದು ನನ್ನ ಮೇಲಿನ ಮಮತೆಯಿಂದ. ನಾನು ಆಮೇಲೆ ಮಾಡಿದ್ದಕ್ಕೆ ಆ ಹೆಸರೂ ಇಲ್ಲ. ನಾಲ್ಕು ವರ್ಷ, ಕೋಲಾರದಲ್ಲೂ ಈ ಆಸ್ಪತ್ರೆಯಲ್ಲೂ, ಆರನೆಯ ಗಂಟೆಗೆ ಅತ್ತವರಿಗೆಲ್ಲ, "ಇನ್ನೂ ಟೈಮ್ ಆಗಿಲ್ಲ, ಸುಮ್ನೆ ಗಲಾಟೆ ಮಾಡ್ಬೇಡಿ" ಎಂದು ಗದರಿದ್ದೇನೆ. ಅವರಲ್ಲಿ ಕೆಲವರ ಮುಖ ನೆನಪಿದೆ. ಹೆಚ್ಚಿನವರದು ನೆನಪಿಲ್ಲ, ಅದೇ ನನ್ನನ್ನು ಕೊರೆಯುತ್ತಿದೆ.

ಮುಕುಂದ್ ಸರ್ ನಿವೃತ್ತರಾಗಿದ್ದಾರೆ. ಅವರ ಮನೆಗೆ ಹೋಗಿ ಹೇಳಿದೆ. "ಥೀಸಿಸ್ಸೆಲ್ಲ ಯಾರಮ್ಮ ಓದ್ತಾರೆ? ಬಿಟ್ಬಿಡು" ಎಂದರು. ಬಿಡಲಿಲ್ಲ. ಥೀಸಿಸ್ಸಿನ ಲೆಕ್ಕ ತಪ್ಪೆಂದು ಕಾಲೇಜಿಗೆ ಬರೆದು ಕೊಟ್ಟಿದ್ದೇನೆ. ಇಲ್ಲಿಯದನ್ನು ತೆಗೆದು, ಮಾಲೂರಿಗೂ ಶ್ರೀನಿವಾಸಪುರಕ್ಕೂ ನಾನೇ ಹೋಗಿ ಆ ಹಾಳೆಯನ್ನು ಕಿತ್ತೆ. ಶ್ರೀನಿವಾಸಪುರದಲ್ಲಿ ಸುಣ್ಣದ ಸಮೇತ ಎದ್ದು ಬಂತು. ಈಗ ರೋಗಿ ನೋವೆಂದು ಕೇಳಿದಾಗಲೇ ಔಷಧಿ ಕೊಡಬೇಕೆಂದು ಬರೆದಿಟ್ಟು ಬಂದಿದ್ದೇನೆ.

ಪವಿತ್ರಾಳ ಬಲಗಡೆಯ ಕಲ್ಲನ್ನು ಬಿಡುವಂತಿಲ್ಲ. ತಡವಾದರೆ ಆ ಮೂತ್ರಪಿಂಡ ನಿಜಕ್ಕೂ ಹಾಳಾಗುತ್ತದೆ. ಎಲ್ಲಿ ಮಾಡಿಸಿದರೂ ನಾನು ಬರುತ್ತೇನೆ. ಟ್ಯೂಬು ನಾನೇ ಹಾಕಿ, ಅದನ್ನು ತೆಗೆಯುವವರೆಗೂ ಅವಳ ಪಕ್ಕದಲ್ಲೇ ಕುಳಿತಿರುತ್ತೇನೆ. ನನ್ನ ಮಾತು ನಂಬಲು ಅವಳಿಗೆ ಕಾರಣವಿಲ್ಲವೆಂದು ಗೊತ್ತಿದೆ, ಆದರೂ ಹೇಳಿ.

ಇನ್ನೊಂದು ಬೇಡಿಕೆ. ಆ ವಾರ ನಿಮ್ಮ ಜೊತೆಗಿದ್ದವರ ನಿಜವಾದ ಗಂಟೆಗಳು ನನಗೆ ಬೇಕು. ಕಾಲೇಜಿಗೆ ಅದರಿಂದ ಉಪಯೋಗವಿದೆಯೋ ಇಲ್ಲವೋ ತಿಳಿಯದು. ಆ ಸಾಲುಗಳನ್ನು ನನ್ನ ಕೈಯಿಂದಲೇ ತಿದ್ದಬೇಕು.

ಸೌಪರ್ಣಿಕಾ

*

ಟೇಕಲ್
19 ಸೆಪ್ಟೆಂಬರ್ 2004

ಡಾಕ್ಟರಮ್ಮನವರಿಗೆ ಅಶ್ವತ್ಥಮ್ಮನ ನಮಸ್ಕಾರ.

ತಡವಾಯಿತು. ದೊಡ್ಡಗಂಗಮ್ಮ ಕೋಲಾರದಲ್ಲಿ ಮಗನ ಮನೆಯಲ್ಲಿದ್ದಾಳೆ, ಅವಳನ್ನು ಹಿಡಿದು ಊರುಗಳ ಹೆಸರು ಕೇಳಿದೆ. ಅವಳೂ ಅತ್ತಳು. ಆಮೇಲೆ ಬಸ್ಸು ಹತ್ತಿ ಹತ್ತಿ ತಿರುಗಿದೆ. ಐದು ವರ್ಷವಾದರೂ ಎಲ್ಲರಿಗೂ ನೆನಪಿದೆ ಡಾಕ್ಟರಮ್ಮ. ಅಂಥದ್ದು ಮರೆಯುತ್ತದೆಯೇ?

ಬರೆದುಕೊಳ್ಳಿ. ಕಿಟಕಿ ಪಕ್ಕದ ಹಾಸಿಗೆಯವಳು, ಮುಳಬಾಗಿಲಿನ ತುಳಸಮ್ಮ, ನಾಲ್ಕೂವರೆ ಗಂಟೆ. ಕಾಫಿ ಗಾಡಿ ಬಂದಾಗ ಶುರುವಾಗಿತ್ತು ಅಂದಳು. ಬಾಗಿಲ ಹತ್ತಿರದವಳು ಶ್ರೀನಿವಾಸಪುರದವಳು, ಆರು ಗಂಟೆ. ಅವಳಿಗೆ ಬರೀ ನಿದ್ದೆ, ಇದಕ್ಕಿಂತ ಸರಿಯಾಗಿ ಹೇಳಲಾರೆ ಅಂದಳು. ಮೂಲೆಯ ಹಾಸಿಗೆಯವಳು ಮೂರು ಗಂಟೆಗೇ ಅಂದಳು. ಟ್ಯೂಬು ಜಾರಿತ್ತೋ ಏನೋ, ಆದರೂ ಎಂಟರವರೆಗೆ ನಮ್ಮ ಮಾತು ಕೇಳಿ ಸುಮ್ಮನಿದ್ದಳು. ಅವಳ ಕಾಲು ಹಿಡಿದು ಬಂದೆ. ಮಾಲೂರಿನ ಭಾರತಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಅವಳದು ಯಾರಿಗೂ ಗೊತ್ತಿಲ್ಲ, ಅಲ್ಲಿ ಗೀಟು ಎಳೆಯಿರಿ. ಇಪ್ಪತ್ತಮೂರನೇ ನಂಬರು ಐದು ಗಂಟೆಗೆ ಹತ್ತು ನಿಮಿಷ ಕಮ್ಮಿ. ಎದುರಿಗೇ ಗೋಡೆ ಗಡಿಯಾರವಿತ್ತು.

ಇದನ್ನೆಲ್ಲ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೆ. ಪವಿತ್ರ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದು ಹಿಂದೆ ನಿಂತು ಓದಿದಳು. ಮೂರು ತಿಂಗಳ ಮೇಲೆ ಬಾಯಿ ಬಿಟ್ಟಳು.

"ನಂದೂ ಬರಿ. ಐದು ಗಂಟೆ ಹತ್ತು ನಿಮಿಷ."

ಬರೆದೆ. ನಂಬರು ಯಾವುದು ಹಾಕಲಿ ಎಂದು ಕೇಳಿದೆ. "ನಂಬರ್ ಬೇಡ, ಹೆಸರೇ ಹಾಕು" ಅಂದಳು. ಆಮೇಲೆ ಸೊಪ್ಪಿನ ಬುಟ್ಟಿ ಒಳಗಿಟ್ಟು ಬಂದು ಅಂದಳು: "ಆ ಡಾಕ್ಟ್ರು ಪಕ್ಕದಲ್ಲೇ ಕೂತ್ಕೋತಾರೆ ಅಂದ್ರೆ ಬರ್ತೀನಿ. ಆದ್ರೆ ನೀನು ಒಳಗೆ ಬರ್ಬೇಡ. ನೀನಿದ್ರೆ ನಂಗೆ ಕೂಗಕ್ಕಾಗಲ್ಲ."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಅವಳು ಹೇಳಿದ್ದು ನಿಜ.

ದಿನ ನೀವೇ ಗೊತ್ತುಮಾಡಿ ತಿಳಿಸಿ. ಎಷ್ಟನೆಯ ಗಂಟೆಗೆ ಕೂಗಿದರೂ ಗಡಿಯಾರ ನೋಡಬೇಡಿ, ಮೊದಲು ಮದ್ದು ಕೊಡಿ. ನಾನು ಹೊರಗಡೆ ಬೆಂಚಿನ ಮೇಲೆ ಇರುತ್ತೇನೆ. ಅವಳ ಕೂಗು ಅಲ್ಲಿಯವರೆಗೆ ಕೇಳಿಸಿದರೆ ಸಾಕು.

ಅಶ್ವತ್ಥಮ್ಮ